ಬೆಲ್ಟು ಹಾಕಿದ್ದಾನೆ, ಹುಕ್ಕು ಎಲ್ಲಿದೆ?

ನರಸಾಪುರ, ವೇಮಗಲ್, ಮಾಲೂರಿನ ದೊಡ್ಡ ಕಾರ್ಖಾನೆಗಳಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸುವಾಗ ಬಿದ್ದರೆ ತಡೆಯುವ ಬೆಲ್ಟು ಎಲ್ಲಿ ಎಂದು ಕೇಳುವವರಿರುತ್ತಾರೆ. ಯಲ್ದೂರಿನಂಥ ಸಣ್ಣ ಊರಿನ ಕಡೆ ರೇಷ್ಮೆ ಮನೆಗೋ ಮಾವಿನ ಮಂಡಿಗೋ ಶೀಟು ಹೊದಿಸುವಾಗ ಕೇಳಿದರೆ, ‘ಹದಿನೈದಡಿಗೆಲ್ಲ ಬೆಲ್ಟು ಯಾಕಣ್ಣ?’ ಎನ್ನುವ ಉತ್ತರ ಬರಬಹುದು.

15 ಅಡಿಯಿಂದ ಬಿದ್ದವನು ಒಂದು ಸೆಕೆಂಡಿನೊಳಗೆ ನೆಲ ಸೇರುತ್ತಾನೆ. ಬಡಿಯುವ ವೇಗ ಗಂಟೆಗೆ ಸುಮಾರು 34 ಕಿ.ಮೀ. ಇಪ್ಪತ್ತು ವರ್ಷದ ಅನುಭವಸ್ಥನಿಗೂ ಏನಾದರೂ ಹಿಡಿದುಕೊಳ್ಳಲು ಇರುವ ಸಮಯ ಅಷ್ಟೇ.

ಹದಿನೈದಡಿಗೆ ಬೆಲ್ಟು ಬೇಡ ಎನ್ನುವುದಕ್ಕಿಂತ ಅಪಾಯದ ನಂಬಿಕೆ, ಬೆಲ್ಟು ಹಾಕಿದರೆ ಸಾಕು ಎನ್ನುವುದು. ಲೆಕ್ಕ ಹಾಕಿ ನೋಡಿ. ಬೆಲ್ಟಿನಿಂದ ಹುಕ್ಕಿನವರೆಗಿನ ಹಗ್ಗ 6 ಅಡಿ. ಬಿದ್ದ ಹೊಡೆತ ತಗ್ಗಿಸಲು ಅದರಲ್ಲಿರುವ ಮಡಿಕೆ ಬಿಚ್ಚಿಕೊಂಡರೆ ಮೂರೂವರೆ ಅಡಿ. ಹಗ್ಗ ಸಿಕ್ಕಿಸುವ ಬೆನ್ನಿನ ಉಂಗುರದಿಂದ ಪಾದದವರೆಗೆ 5 ಅಡಿ. ನೆಲ ತಾಗದಿರಲು ಇನ್ನೆರಡು ಅಡಿ. ಹುಕ್ಕಿನ ಕೆಳಗೆ ಹದಿನಾರೂವರೆ ಅಡಿ ಖಾಲಿ ಇರಬೇಕು! 15 ಅಡಿ ಎತ್ತರದ ಟ್ರಸ್ಸಿನಲ್ಲಿ ಕಾಲ ಬಳಿಯೇ ಹುಕ್ಕು ಸಿಕ್ಕಿಸಿದರೆ ಆ ಲೆಕ್ಕ ಕೂಡುವುದೇ ಇಲ್ಲ. ಎತ್ತರದ ಕಟ್ಟಡಕ್ಕಿಂತ ತಗ್ಗು ಶೆಡ್ಡಿನಲ್ಲೇ ಬೆಲ್ಟಿನ ಕೆಲಸ ಕಷ್ಟ. ಮೇಸ್ತ್ರಿಗಳು ‘ಇಲ್ಲಿ ಬೆಲ್ಟು ದಂಡ’ ಎಂದರೆ ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಏನೆಂದರೆ, ತಲೆಗಿಂತ ಮೇಲೆ, ಭಾರ ತಡೆಯುವ ಜಾಗಕ್ಕೆ ಗಿಡ್ಡ ಹಗ್ಗ ಕಟ್ಟಬೇಕು. ಇಲ್ಲವೇ ಬೋಲ್ಟಿನ ಕೆಲಸವನ್ನು ಆದಷ್ಟು ನೆಲದಲ್ಲೇ ಮುಗಿಸಿ, ಮಿಕ್ಕಿದ್ದನ್ನು ಕಟಕಟೆಯಿರುವ ಸಾರವೆ ಮೇಲೆ ನಿಂತು ಮಾಡಬೇಕು. ನೀರಿನ ಪೈಪಿಗೆ, ಶೀಟು ಹೊರುವ, ಇನ್ನೂ ಬಿಗಿಯದ ಪರ್ಲಿನ್ನಿಗೆ ಹುಕ್ಕು ಹಾಕುವುದು ಸುಮ್ಮನೆ ತೋರಿಕೆ.

ಸೊಂಟಕ್ಕೆ ಮಾತ್ರ ಬಿಗಿಯುವ ಪಟ್ಟಿಯೂ ಆಗದು. ಬೀಳುವ ಮೈಯ ಹೊಡೆತವೆಲ್ಲ ಹೊಟ್ಟೆ, ಬೆನ್ನುಹುರಿಯ ಮೇಲೆ ಬೀಳುತ್ತದೆ. ಬಿದ್ದವರನ್ನು ತಡೆಯಲು ಅದನ್ನು ಬಳಸುವುದನ್ನು ಅಮೆರಿಕ 1998ರಲ್ಲೇ ನಿಷೇಧಿಸಿತು. ತೊಡೆ, ಭುಜ ಎರಡನ್ನೂ ಹಿಡಿಯುವಂಥದ್ದೇ ಬೇಕು.

ಬಲೆ ಕಟ್ಟಿದರೆ? ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಕೆಳಗೆ ಹಾಕಿದ್ದ ಬಲೆ 19 ಜನರನ್ನು ಉಳಿಸಿತು. 1937ರ ಫೆಬ್ರವರಿಯಲ್ಲಿ ಸಾರವೆಯೇ ಕಳಚಿ ಬಿದ್ದಾಗ ಅದೇ ಬಲೆ ಹರಿದು 10 ಜನ ಸತ್ತರು. ಬಲೆ ಮನುಷ್ಯರ ಭಾರಕ್ಕೆ, ಕಬ್ಬಿಣದ ಭಾರಕ್ಕಲ್ಲ.

ಬೆಲ್ಟು ಹಿಡಿಯಿತು, ಗಂಡಾಂತರ ಕಳೆಯಿತು ಎಂದುಕೊಳ್ಳುವಂತಿಲ್ಲ. ಅಲ್ಲಾಡದೆ ನೇತಾಡುವವನ ರಕ್ತ ಕಾಲಿಗಿಳಿದು ನಿಲ್ಲುತ್ತದೆ, ಪ್ರಜ್ಞೆ ತಪ್ಪಬಹುದು. ಅವನನ್ನು ಇಳಿಸುವ ಏಣಿ ಮೊದಲೇ ಅಲ್ಲಿರಬೇಕು. ಒಮ್ಮೆ ಬಿದ್ದವನನ್ನು ತಡೆದ ಬೆಲ್ಟು, ಹಗ್ಗ ಎರಡನ್ನೂ, ನೋಡಲು ಹೊಸದರಂತಿದ್ದರೂ, ಕತ್ತರಿಸಿ ಬಿಸಾಡಿ. ಹಾಗೇ ಇಟ್ಟರೆ ನಾಳೆ ಇನ್ನೊಬ್ಬ ಹುಡುಗ ಅದನ್ನೇ ಹಾಕಿಕೊಂಡು ಹತ್ತುತ್ತಾನೆ.