ನೋಟಕ್ಕೆ ಒಂದೇ, ಗುಣದಲ್ಲಿ ಬೇರೆ: ಎರಡು ಮದ್ಯಸಾರಗಳು

ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದಷ್ಟೆ. ಇದಕ್ಕೆ ನೀರು, ಯೀಸ್ಟ್ ಸೇರಿಸಿ ಹುದುಗು ಬರಿಸಿ, ಭಟ್ಟಿ ಇಳಿಸಿದರೆ ಈಥೈಲ್ ಮದ್ಯಸಾರ ದೊರೆಯುತ್ತದೆ. ಪೆಟ್ರೋಲಿಗೆ ಬೆರೆಸುವುದು ಇದನ್ನೇ.

ಮೀಥೈಲ್ ಮದ್ಯಸಾರವಾದರೋ ಕಲ್ಲಿದ್ದಲು ಅಥವಾ ನೈಸರ್ಗಿಕ ಅನಿಲದಿಂದ ತಯಾರಾಗುವ ವಿಷ. ನೋಟಕ್ಕೆ ಎರಡೂ ತಿಳಿನೀರಿನಂತೆಯೇ. ಹೊಟ್ಟೆ ಸೇರಿದ ಮೀಥೈಲನ್ನು ಪಿತ್ತಜನಕಾಂಗವು ಮೊದಲು ಫಾರ್ಮಾಲ್ಡಿಹೈಡ್, ನಂತರ ಫಾರ್ಮಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಈ ಆಮ್ಲ ಕಣ್ಣಿನ ನರವನ್ನು ಕೆಡಿಸಿ ಪ್ರಾಣಕ್ಕೂ ಕುತ್ತು ತರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು.

ಕಳ್ಳಭಟ್ಟಿಯನ್ನಾಗಲಿ, ಕಾರ್ಖಾನೆಯ ಸ್ಪಿರಿಟನ್ನಾಗಲಿ ಯಾರೂ ಕುಡಿಯಬಾರದು. ಕುಡಿದ ದಿನ ಏನೂ ಆಗದೆ, ಮರುದಿನ ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು ತೋರಬಹುದು. ಅದಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬೇಗ ಹೋದರೆ ಮದ್ದುಂಟು, ದೃಷ್ಟಿಯೂ ಉಳಿದೀತು.