ದೂರದೂರಿಗೆ ಸಂಸಾರ ಸಾಗಿಸುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಹುಟ್ಟಿದ ಊರಿನಲ್ಲಿಯೇ ಬಾಳಿ ಅಲ್ಲಿಯೇ ಮುಪ್ಪಾದವರಿರಬೇಕು. ಇಲ್ಲವಾದರೆ ಆ ಗಾದೆಗೆ 'ಸಂಸಾರ ಸಾಗಿಸಿ ನೋಡು' ಎಂಬ ಮೂರನೆಯ ಮಾತೂ ಸೇರಿಕೊಳ್ಳುತ್ತಿತ್ತು. ಇಂದು ನಮ್ಮ ಮಕ್ಕಳು ಉದ್ಯೋಗ ನಿಮಿತ್ತವಾಗಿ ಬೆಳಗಾವಿಯಿಂದ ದಿಲ್ಲಿಗೆ, ಕಲಬುರ್ಗಿಯಿಂದ ಅಹಮದಾಬಾದಿಗೆ ತೆರಳುವುದು ನಿತ್ಯದ ಸಂಗತಿಯಾಗಿದೆ. ಒಂಟಿಯಾಗಿ ಹೋಗುವ ಯುವಕನಿಗೆ ಒಂದು ಪೆಟ್ಟಿಗೆ ಸಾಕು. ಹೆಂಡತಿ, ಮಕ್ಕಳು, ವೃದ್ಧ ಮಾತಾಪಿತೃಗಳೊಡನೆ ಹೊರಡುವ ಗೃಹಸ್ಥನಿಗೆ ಅದು ವರ್ಷಗಟ್ಟಲೆಯ ಉಳಿತಾಯವನ್ನೇ ಕರಗಿಸಬಲ್ಲ ಕಾರ್ಯ. ಹಾಗಿದ್ದೂ ಒಂದು ಮದುವೆಗೆ ಆರು ತಿಂಗಳು ಪಟ್ಟಿ ಬರೆಯುವ ನಾವು ಇದಕ್ಕೆ ಆರು ದಿನಗಳನ್ನೂ ಕೊಡುವುದಿಲ್ಲ.

ಈಚೆಗೆ ನನ್ನ ತಂಗಿಯ ಮಗನಿಗೆ ದಿಲ್ಲಿಯಲ್ಲಿ ಕೆಲಸವಾಯಿತು. ಬೆಳಗಾವಿಯಿಂದ ದಿಲ್ಲಿಗೆ ರಸ್ತೆಯಲ್ಲಿ ಸುಮಾರು ಸಾವಿರದ ಎಂಟುನೂರು ಕಿಲೋಮೀಟರು. ನಿವೃತ್ತನೆಂಬ ಕಾರಣಕ್ಕೆ ಲೆಕ್ಕ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತು. ಆ ನಿಮಿತ್ತ ನಾಲ್ಕಾರು ಸಾಗಣೆದಾರರೊಡನೆ ಮಾತನಾಡಿ, ಹಿಂದೆ ಹೀಗೆ ಹೋದ ಕುಟುಂಬಗಳನ್ನು ವಿಚಾರಿಸಿ, ಕಾಯಿದೆಯ ಪುಟಗಳನ್ನೂ ತಿರುವಿ ತಿಳಿದುಕೊಂಡುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ನಿಶ್ಚಯಿಸಬೇಕಾದುದು ಲಾರಿಯನ್ನಲ್ಲ, ದಿನವನ್ನು. ಮಕ್ಕಳಿರುವ ಮನೆಯಲ್ಲಿ ಆ ದಿನವನ್ನು ಪಂಚಾಂಗಕ್ಕಿಂತ ಮೊದಲು ಶಾಲೆಯೇ ಹೇಳುತ್ತದೆ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ತಿಂಗಳ ಕೊನೆಗೆ ಆರಂಭವಾದರೆ ದಿಲ್ಲಿಯಲ್ಲಿ ಏಪ್ರಿಲ್ 1ಕ್ಕೇ ಹೊಸ ವರ್ಷದ ಪಾಠಗಳು ತೊಡಗುತ್ತವೆ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಅಲ್ಲಿ ಬೇಸಗೆಯ ರಜೆ. ನಮ್ಮ ರೂಢಿಯಂತೆ ಜೂನ್ ಆರಂಭದಲ್ಲಿ ಮಗುವನ್ನು ಕರೆದುಕೊಂಡು ಹೋದ ತಂದೆಗೆ ಅಲ್ಲಿ ಕಾಣುವುದು ಬೀಗ ಹಾಕಿದ ಶಾಲೆ ಮತ್ತು ತುಂಬಿಹೋದ ತರಗತಿ. ಆದುದರಿಂದ ಫೆಬ್ರುವರಿ-ಮಾರ್ಚಿನಲ್ಲಿಯೇ ಒಬ್ಬರು ಹೋಗಿ ಪ್ರವೇಶವನ್ನು ಖಚಿತಪಡಿಸಿಕೊಂಡು, ಸಂಸಾರವನ್ನು ರಜೆಯ ಅವಧಿಯಲ್ಲಿ ಸಾಗಿಸುವುದು ಯುಕ್ತ. ವರ್ಗಾವಣೆ ಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನು ಹೊರರಾಜ್ಯದ ಶಾಲೆಗಳು ಬಹುಮಟ್ಟಿಗೆ ಕೇಳುತ್ತವೆ. ಅದನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಮಗುವಿಗೆ ಕನ್ನಡ ತಪ್ಪಬಾರದೆಂಬ ಹಂಬಲವುಳ್ಳವರಿಗೆ ಲೋದಿ ಎಸ್ಟೇಟಿನಲ್ಲಿ ದಿಲ್ಲಿ ಕನ್ನಡ ಶಾಲೆಯಿದೆ. ಆದರೆ ದೂರದ ಬಡಾವಣೆಯಲ್ಲಿ ಮನೆ ಹಿಡಿದು ಈ ಶಾಲೆಯನ್ನು ಆರಿಸಿಕೊಂಡರೆ ಮಗುವಿನ ಬಾಲ್ಯವೆಲ್ಲ ಬಸ್ಸಿನಲ್ಲಿಯೇ ಕಳೆಯುತ್ತದೆ. ಆದುದರಿಂದ ಶಾಲೆ ಗೊತ್ತಾದ ಮೇಲೆಯೇ ಮನೆ ಹುಡುಕಬೇಕು.

ತಿಂಗಳ ಕೊನೆಯ ವಾರ ಮತ್ತು ಮೊದಲ ಎರಡು ಮೂರು ದಿನಗಳಲ್ಲಿ ಬಾಡಿಗೆದಾರರೆಲ್ಲ ಮನೆ ಬದಲಿಸುವುದರಿಂದ ಸಾಗಣೆಯ ದರ ಏರಿರುತ್ತದೆ. ತಿಂಗಳ ನಡುವೆ, ವಾರದ ನಡುವೆ ಹೊರಡುವವನಿಗೆ ದರವೂ ಕಡಿಮೆ, ಆಳುಗಳ ಗಮನವೂ ಹೆಚ್ಚು. ದಿಲ್ಲಿಗೆ ಹೋಗುವವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ದೊಡ್ಡ ಲಾರಿಗಳಿಗೆ ಹಗಲಿನಲ್ಲಿ ನಗರಪ್ರವೇಶವಿಲ್ಲ. ಚಳಿಗಾಲದಲ್ಲಿ ಗಾಳಿ ತೀರ ಕೆಟ್ಟಾಗ ಅತ್ಯವಶ್ಯಕ ವಸ್ತುಗಳನ್ನು ತರುವವನ್ನುಳಿದು ಹಳೆಯ ಡೀಸೆಲ್ ಲಾರಿಗಳನ್ನು ಗಡಿಯಲ್ಲಿಯೇ ತಡೆಯುವ ಕ್ರಮವೂ ಇದೆ. ನವೆಂಬರಿನಲ್ಲಿ ಸಾಮಾನು ಗಡಿಯಾಚೆ ನಿಂತು, ಹಾಸಿಗೆಯಿಲ್ಲದೆ ನೆಲದ ಮೇಲೆ ಮಲಗಬೇಕಾಗಿ ಬಂದ ಕುಟುಂಬವೊಂದನ್ನು ನಾನು ಬಲ್ಲೆ.

ಇನ್ನು ಒಯ್ಯುವುದೇನು, ಬಿಡುವುದೇನು ಎಂಬ ಪ್ರಶ್ನೆ. ಮನೆಮಂದಿಯ ಮನಸ್ಸು ಒಡೆಯುವುದು ಇಲ್ಲಿಯೇ. ನನ್ನ ತಂಗಿಯ ಮನೆಯಲ್ಲಿ ಅವಳ ಮದುವೆಗೆ ನಮ್ಮ ತಂದೆ ಕೊಟ್ಟ ತಾಮ್ರದ ಹಂಡೆಯೊಂದಿದೆ. "ದಿಲ್ಲಿಯಲ್ಲಿ ಗೀಜರಿದೆ, ಈ ಹಂಡೆ ಯಾಕತ್ತೀ?" ಎಂದು ಸೊಸೆ ಮೆಲ್ಲಗೆ ಕೇಳಿದಳು. ತಂಗಿ ಅವಳಿಗೆ ಉತ್ತರಿಸದೆ ನನ್ನ ಕಡೆ ತಿರುಗಿ, "ಅಣ್ಣಾ, ಈ ಹಂಡೆ ಬಿಟ್ಟು ನಾ ಎಲ್ಲೂ ಬರೂದಿಲ್ಲ ನೋಡು" ಎಂದಳು. ಎರಡು ದಿನ ಮನೆಯಲ್ಲಿ ಮಾತು ನಿಂತಿತು. ಇಂಥಲ್ಲಿ ನ್ಯಾಯ ಹೇಳುವ ಬದಲು ಅಳತೆಯ ಪಟ್ಟಿಯನ್ನು ಹಿಡಿಯುವುದು ಲೇಸು. ಸಂಸಾರದ ಸಾಮಾನಿಗೆ ಸಾಗಣೆದಾರರು ಸಾಮಾನ್ಯವಾಗಿ ತೂಕಕ್ಕಲ್ಲ, ಅದು ಲಾರಿಯಲ್ಲಿ ಆಕ್ರಮಿಸುವ ಜಾಗಕ್ಕೆ, ಅಂದರೆ ಘನ ಅಡಿಗೆ ಬೆಲೆ ಕಟ್ಟುತ್ತಾರೆ. ಹಂಡೆಯ ಹೊಟ್ಟೆ ಟೊಳ್ಳು. ಅದರಲ್ಲಿ ಚಾದರ, ಕೌದಿಗಳನ್ನು ತುಂಬಿದರೆ ಒಂದು ರಟ್ಟಿನ ಪೆಟ್ಟಿಗೆಯ ಕೆಲಸವನ್ನು ಅದೇ ಮಾಡುತ್ತದೆ. ನಿಜವಾಗಿ ಜಾಗ ತಿನ್ನುವುದು ಬಿಚ್ಚಲಾಗದ ಮಂಚ, ಸೋಫಾ, ಹತ್ತಿಯ ಗಾದಿಗಳು. ಸೊಸೆಯ ಇಷ್ಟದ ಸೋಫಾ ಹಂಡೆಯ ಹತ್ತರಷ್ಟು ಜಾಗ ಹಿಡಿಯುತ್ತದೆಂದು ಅಳೆದು ತೋರಿಸಿದಾಗ ಅವಳೇ ನಕ್ಕು ಸೋಫಾವನ್ನು ಮಾರಲು ಒಪ್ಪಿದಳು. ಹಂಡೆ ಕೌದಿಗಳನ್ನು ತುಂಬಿಕೊಂಡು ದಿಲ್ಲಿಗೆ ಹೋಯಿತು.

ಇದರಿಂದ ಒಂದು ಸೂತ್ರವನ್ನು ಮಾಡಿಕೊಳ್ಳಬಹುದು. ಪ್ರತಿಯೊಂದು ದೊಡ್ಡ ವಸ್ತುವಿಗೂ ಎರಡು ಅಂಕಿಗಳನ್ನು ಬರೆಯಿರಿ: ಅದನ್ನು ಒಯ್ಯಲು ತಗಲುವ ವೆಚ್ಚ, ಅಂಥದೇ ಬಳಸಿದ ವಸ್ತು ಅಲ್ಲಿ ದೊರೆಯುವ ಬೆಲೆ. ಮೊದಲನೆಯದು ಎರಡನೆಯದರ ಅರ್ಧವನ್ನು ಮೀರಿದರೆ ಇಲ್ಲಿಯೇ ಮಾರುವುದು ಮೇಲು. ದಿಲ್ಲಿಯ ಚಳಿಗೆ ಬೇಕಾದ ರಜಾಯಿಯನ್ನೂ ಅಲ್ಲಿಯ ಸೆಕೆಗೆ ಬೇಕಾದ ಕೂಲರನ್ನೂ ಅಲ್ಲಿಯೇ ಕೊಳ್ಳುವುದು ಲೇಸು. ರೊಟ್ಟಿಯ ಹಂಚು, ಶೇಂಗಾ ಚಟ್ನಿ, ಗುರೆಳ್ಳು, ಬಿಳಿಜೋಳಗಳನ್ನು ಮಾತ್ರ ಇಲ್ಲಿಂದ ಒಯ್ಯಬೇಕು. ಜೋಳ ಸಿಗದ ಮೊದಲ ತಿಂಗಳಲ್ಲಿ ಮುದುಕರ ಹೊಟ್ಟೆ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಭಾರವಾದ ಪುಸ್ತಕಗಳನ್ನು ರೈಲಿನ ಪಾರ್ಸೆಲ್ಲಿನಲ್ಲಿ ಕಳಿಸಬಹುದು.

ಈಗ ವೆಚ್ಚದ ಮಾತು. ದರಗಳು ಊರಿಗೂ ಋತುವಿಗೂ ಬದಲಾಗುವುದರಿಂದ ಈ ಮುಂದಿನದನ್ನು ಕೇವಲ ಲೆಕ್ಕದ ಮಾದರಿಯೆಂದು ತಿಳಿಯಬೇಕು. ಎರಡು ಕೋಣೆಗಳ ಮನೆಯ ಸಾಮಾನಿಗೆ, ಕಟ್ಟುವುದು ಬಿಚ್ಚುವುದು ಸೇರಿ, 55,000 ರೂಪಾಯಿ ಎಂದುಕೊಳ್ಳೋಣ. ಅದರ ಮೇಲೆ ಶೇ. 18ರ ಜಿ.ಎಸ್.ಟಿ. 9,900. ನಾಲ್ಕು ಲಕ್ಷದ ಮೌಲ್ಯಕ್ಕೆ ಶೇ. 2ರಂತೆ ವಿಮೆ 8,000. ನಾಲ್ವರ ರೈಲು ಪ್ರಯಾಣ, ಊಟ ಉಪಾಹಾರಕ್ಕೆ 10,000. ಬಾಡಿಗೆ 25,000 ಎಂದಾದರೆ ಎರಡು ತಿಂಗಳ ಠೇವಣಿ 50,000, ಮೊದಲ ತಿಂಗಳ ಬಾಡಿಗೆ 25,000, ದಲ್ಲಾಳಿಗೆ ಅರ್ಧ ತಿಂಗಳು 12,500. ಶಾಲೆಯ ಪ್ರವೇಶ, ಪುಸ್ತಕ, ಸಮವಸ್ತ್ರಕ್ಕೆ 30,000. ಹೊಸ ಮನೆಯ ಪರದೆ, ದೀಪ, ಕೂಲರು, ಅನಿಲ ಸಂಪರ್ಕ ಇತ್ಯಾದಿಗಳಿಗೆ 25,000. ಇವೆಲ್ಲ ಕೂಡಿ 2,25,400. ಅನಿರೀಕ್ಷಿತಕ್ಕೆಂದು ಹತ್ತನೆಯ ಒಂದಂಶ 22,540 ಸೇರಿಸಿದರೆ 2,47,940 ರೂಪಾಯಿ.

ಈ ಅಂಕಿಗಳನ್ನು ನಿಧಾನವಾಗಿ ನೋಡಿರಿ. ಲಾರಿ, ತೆರಿಗೆ, ವಿಮೆ ಮೂರೂ ಸೇರಿ 72,900. ಒಟ್ಟು ವೆಚ್ಚದ ಮೂರನೆಯ ಒಂದಂಶಕ್ಕಿಂತಲೂ ಕಡಿಮೆ. ನಾವು ಚೌಕಾಶಿ ಮಾಡುವುದೆಲ್ಲ ಅದರಲ್ಲಿ; ಉಳಿದ ಒಂದೂಮುಕ್ಕಾಲು ಲಕ್ಷ ಕಣ್ಣಿಗೆ ಬೀಳುವುದೇ ಇಲ್ಲ. ಠೇವಣಿಯೇನೋ ಮುಂದೆ ಮರಳಿ ಬರುವ ಹಣ. ಆದರೆ ಇಂದು ಕೈಯಲ್ಲಿರಬೇಕು. ಹಳೆಯ ಮನೆಯ ಠೇವಣಿ ಕೈಸೇರುವ ಮುನ್ನವೇ ಹೊಸ ಮನೆಯ ಠೇವಣಿಯನ್ನು ಕೊಡಬೇಕಾಗುತ್ತದೆ. ಈ ನಡುಗಾಲದ ಕೊರತೆಗೆ ಬಂಗಾರ ಅಡವಿಟ್ಟವರನ್ನು ಕಂಡಿದ್ದೇನೆ. ಇನ್ನೊಂದು ಮಾತು: ಹೊಸ ಉದ್ಯೋಗದ ಮೊದಲ ಸಂಬಳ ಬರಲು ಒಂದು ತಿಂಗಳಾದರೂ ಬೇಕು. ಹೊರಡುವ ದಿನ, ಮೇಲಿನ ವೆಚ್ಚವನ್ನು ಬಿಟ್ಟು, ಎರಡು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರದಿದ್ದರೆ ಮೊದಲು ಗಂಡಸೊಬ್ಬನೇ ಹೋಗಿ, ಸಂಸಾರವನ್ನು ಆಮೇಲೆ ಕರೆಸಿಕೊಳ್ಳುವುದೇ ವಿವೇಕವೆಂದು ನನ್ನ ಅಭಿಪ್ರಾಯ. ಕೇಂದ್ರ ಸರಕಾರಿ ನೌಕರರಿಗೆ ಈ ಚಿಂತೆ ಕಡಿಮೆ. 2017ರಿಂದ ಅವರಿಗೆ ದೂರದ ವರ್ಗಾವಣೆಯಾದಾಗ ಮೂಲವೇತನದ ಶೇ. 80ರಷ್ಟು ಅನುದಾನವೂ ಸಾಮಾನು ಸಾಗಣೆಯ ವೆಚ್ಚವೂ ದೊರೆಯುತ್ತವೆ. ಖಾಸಗಿ ಉದ್ಯೋಗಕ್ಕೆ ಸೇರುವವರು ನೇಮಕ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಸ್ಥಳಾಂತರದ ವೆಚ್ಚವನ್ನು ಕೇಳಬೇಕು. ಸಹಿಯಾದ ಮೇಲೆ ಕೇಳುವುದಕ್ಕೆ ಬಲವಿಲ್ಲ.

ಸಾಗಣೆದಾರನನ್ನು ಆರಿಸುವಲ್ಲಿ ಅತಿ ಎಚ್ಚರಿಕೆ ಬೇಕು. ದೂರವಾಣಿಯಲ್ಲಿ ದರ ಹೇಳುವವನನ್ನು ಬಿಟ್ಟು, ಮನೆಗೆ ಬಂದು ಸಾಮಾನು ನೋಡಿ ಪಟ್ಟಿ ಬರೆದು ದರ ಕೊಡುವ ಮೂವರನ್ನು ಹೋಲಿಸಬೇಕು. ಉಳಿದಿಬ್ಬರಿಗಿಂತ ತೀರ ಕಡಿಮೆ ಹೇಳುವವನೇ ಹೆಚ್ಚು ಅಪಾಯಕಾರಿ. ನಮ್ಮ ಪರಿಚಯದ ಕುಟುಂಬವೊಂದರ ಸಾಮಾನನ್ನು ಹೊತ್ತ ಲಾರಿಯನ್ನು ನಡುದಾರಿಯಲ್ಲಿ ನಿಲ್ಲಿಸಿ, 'ಇ-ವೇ ಬಿಲ್ ಇಲ್ಲ, ದಂಡ ಕಟ್ಟಬೇಕು, ಹದಿನೈದು ಸಾವಿರ ಕಳಿಸಿ' ಎಂದು ಪೀಡಿಸಿ ವಸೂಲು ಮಾಡಿದರು. ವಾಸ್ತವದಲ್ಲಿ ಬಳಸಿದ ಸ್ವಂತದ ಹಾಗೂ ಗೃಹಬಳಕೆಯ ವಸ್ತುಗಳಿಗೆ ಇ-ವೇ ಬಿಲ್ಲಿನ ಅಗತ್ಯವೇ ಇಲ್ಲ, ಜಿ.ಎಸ್.ಟಿ. ನಿಯಮಗಳಲ್ಲಿಯೇ ಆ ವಿನಾಯಿತಿಯಿದೆ. ಆ ಒಂದು ತಿಳಿವಳಿಕೆ ಅವರ ಹದಿನೈದು ಸಾವಿರವನ್ನು ಉಳಿಸುತ್ತಿತ್ತು. ನಮ್ಮ ಸಾಮಾನು ಒಂದೇ ಲಾರಿಯಲ್ಲಿ ನೇರವಾಗಿ ಹೋಗುವುದೋ, ಗೋದಾಮಿನಲ್ಲಿಳಿದು ಇತರರ ಸಾಮಾನಿನೊಡನೆ ಬೇರೆ ಲಾರಿ ಹತ್ತುವುದೋ, ದೊಡ್ಡ ಲಾರಿ ಹೋಗದ ಓಣಿಯಿದ್ದರೆ ಸಣ್ಣ ಟೆಂಪೋದ ವೆಚ್ಚ ಯಾರದು, ಮೂರನೆಯ ಮಹಡಿಗೆ ಹೊರುವ ಕೂಲಿ ಯಾರದು ಎಂಬುದನ್ನೆಲ್ಲ ಬರಹದಲ್ಲಿಯೇ ಪಡೆಯಬೇಕು. ಪೂರ್ತಿ ಹಣವನ್ನು ಮೊದಲೇ ಕೊಡಲಾಗದು.

2007ರ ರಸ್ತೆ ಸಾಗಣೆ ಕಾಯಿದೆ 2011ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಗ್ರಾಹಕನು ಹೆಚ್ಚಿನ ಮೌಲ್ಯವನ್ನು ಘೋಷಿಸಿ ಹೆಚ್ಚಿನ ದರವನ್ನು ಕೊಡದಿದ್ದರೆ ಸಾಗಣೆದಾರನ ಹೊಣೆ ಒಂದು ಮಿತಿಗೆ ಒಳಪಟ್ಟಿರುತ್ತದೆ. ಹಾನಿಯ ಬಗೆಗೆ ದಾವೆ ಹೂಡಬೇಕಾದರೆ ಸಾಮಾನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಲೇಬೇಕು. ಆದುದರಿಂದ ಲಾರಿ ರಸೀದಿ ಬಂಗಾರದಷ್ಟು ಬೆಲೆಯುಳ್ಳದ್ದು. ವಿಮೆಯ ಬಗೆಗೂ ಒಂದು ಸೂಕ್ಷ್ಮವಿದೆ. ಸಾಗಣೆದಾರನೇ 'ರಿಸ್ಕ್ ನಮ್ಮದು' ಎಂದು ಚೀಟಿಯ ಮೇಲೆ ಬರೆದುಕೊಡುವುದು ವಿಮೆಯಲ್ಲ; ವಿಮಾ ಕಂಪನಿಯ ಪಾಲಿಸಿ, ನಿಮ್ಮ ಹೆಸರಿನಲ್ಲಿ, ಸಾಮಾನಿನ ಪಟ್ಟಿಯೊಂದಿಗೆ ಕೈಯಲ್ಲಿರಬೇಕು. ಆಭರಣ, ನಗದು, ಅಂಕಪಟ್ಟಿ, ಹೊಲದ ಉತಾರ ಮುಂತಾದವು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅವು ನಿಮ್ಮ ಮಡಿಲಿನಲ್ಲಿಯೇ ಪ್ರಯಾಣ ಮಾಡಬೇಕು. ಸಾಮಾನು ಇಳಿಸಿಕೊಳ್ಳುವಾಗ ಪೆಟ್ಟಿಗೆಗಳನ್ನೆಣಿಸಿ, ಒಡೆದುದಿದ್ದರೆ ರಸೀದಿಯ ಮೇಲೆ ಬರೆದೇ ಸಹಿ ಹಾಕಬೇಕು. ತಕರಾರಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು.

ಅಡುಗೆ ಅನಿಲದ ಸಿಲಿಂಡರನ್ನು ಲಾರಿಯಲ್ಲಿ ಹಾಕಬಾರದು. ಇಲ್ಲಿಯ ವಿತರಕರಿಗೆ ಸಿಲಿಂಡರ್, ರೆಗ್ಯುಲೇಟರುಗಳನ್ನೊಪ್ಪಿಸಿ ಠೇವಣಿಯನ್ನು ಹಿಂಪಡೆದು, ಅವರು ಕೊಡುವ ಚೀಟಿಯನ್ನು ಅಲ್ಲಿ ತೋರಿಸಿ ಹೊಸ ಸಂಪರ್ಕ ಪಡೆಯಬೇಕು. ಹಿಂದೆಂದೋ ಕಟ್ಟಿದ ಹಳೆಯ ಮೊತ್ತವೇ ಮರಳಿ ಬರುತ್ತದೆ. ಹೊಸ ಠೇವಣಿಯಾದರೋ 2022ರ ಜೂನಿನಲ್ಲಿ ಸಿಲಿಂಡರಿಗೆ 2,200 ರೂಪಾಯಿಗೆ ಏರಿತು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒರಸಿಡಬೇಕು. ಮುಂಬಾಗಿಲಿನ ಬಟ್ಟೆ ಒಗೆಯುವ ಯಂತ್ರಕ್ಕೆ ಕೊಂಡಾಗ ಬಂದ ಸಾಗಣೆಯ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಅವು ಅಡುಗೆಮನೆಯ ಯಾವುದೋ ಡಬ್ಬಿಯಲ್ಲಿರುತ್ತವೆ, ಹುಡುಕಿರಿ.

ವಾಹನದ ವಿಷಯದಲ್ಲಿ ಹಲವರು ಎಡವುತ್ತಾರೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಇಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಅವಶ್ಯ. ಸಾಲದ ಮೇಲೆ ಕೊಂಡ ವಾಹನವಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧ ಬಂದು, 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶಗಳಿಂದ ಅದು ಕೆಲಮಟ್ಟಿಗೆ ಸಡಿಲವಾಗಿದೆ. ಹಳೆಯ ಕಾರುಳ್ಳವರು ಅದನ್ನು ಇಲ್ಲಿಯೇ ಮಾರಿ ಹೋಗುವುದೇ ನಿಶ್ಚಿಂತೆ. ಸ್ಕೂಟರನ್ನು ಗೋಣಿ ಸುತ್ತಿ, ಟಾಕಿಯ ಪೆಟ್ರೋಲನ್ನು ಪೂರ್ತಿ ಬರಿದುಮಾಡಿ, ನೋಂದಣಿ ಪತ್ರದ ಪ್ರತಿಯೊಡನೆ ರೈಲ್ವೆ ಪಾರ್ಸೆಲ್ ಕಚೇರಿಗೆ ಒಪ್ಪಿಸಬಹುದು. ಬೆಳಗಾವಿಯ ಮೂಲಕ ಹಾಯುವ ಗೋವಾ ಎಕ್ಸ್‌ಪ್ರೆಸ್ ನಿಜಾಮುದ್ದೀನಿಗೇ ಮುಟ್ಟುವುದರಿಂದ ನಮ್ಮ ಭಾಗದವರಿಗೆ ಇದು ಅನುಕೂಲ. ಅದೇ ಗಾಡಿಯ ಮೂರು ಹಂತದ ಎ.ಸಿ. ಬೋಗಿಯಲ್ಲಿ ಪ್ರತಿಯೊಬ್ಬರೂ 40 ಕಿಲೋ ಸಾಮಾನನ್ನು ಶುಲ್ಕವಿಲ್ಲದೆ ಒಯ್ಯಬಹುದು. ಐವರ ಕುಟುಂಬಕ್ಕೆ ಅದು ಎರಡು ಕ್ವಿಂಟಲ್! ಲಾರಿ ತಲುಪುವವರೆಗಿನ ವಾರದ ಸಂಸಾರ ಅಷ್ಟರಲ್ಲಿ ನಡೆಯಬೇಕು: ಒಂದು ಕುಕ್ಕರು, ಹಂಚು, ನಾಲ್ಕು ತಾಟು, ಹೊದಿಕೆ, ಮಕ್ಕಳ ಪುಸ್ತಕ, ವೃದ್ಧರಿಗೆ ಒಂದು ತಿಂಗಳಿಗಾಗುವ ಔಷಧ ಮತ್ತು ಇಲ್ಲಿಯ ವೈದ್ಯರ ಹಳೆಯ ಚೀಟಿಗಳು.

ತಲುಪಿದ ಮೇಲೆ ಬಾಡಿಗೆ ಕರಾರುಪತ್ರವನ್ನು ಮೊದಲು ಮಾಡಿಸಿಕೊಳ್ಳಿರಿ. ಆಧಾರ್, ಬ್ಯಾಂಕು, ಅನಿಲ ಇವೆಲ್ಲದರ ವಿಳಾಸ ಬದಲಾವಣೆಗೆ ಅದೇ ಮೂಲಪತ್ರ. ಮನೆಯ ಒಡೆಯರು ದಿಲ್ಲಿ ಪೊಲೀಸರಲ್ಲಿ ಬಾಡಿಗೆದಾರರ ವಿವರ ಸಲ್ಲಿಸಬೇಕಾಗಿರುವುದರಿಂದ ಅದಕ್ಕೂ ಭಾವಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಿರಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ. ಪಿಂಚಣಿ ಪಡೆಯುವ ಹಿರಿಯರು ನವೆಂಬರಿನ ಜೀವಿತ ಪ್ರಮಾಣಕ್ಕಾಗಿ ಊರಿಗೆ ಮರಳಬೇಕಾದ ಕಾಲ ಹೋಯಿತು. ಅದನ್ನು ಡಿಜಿಟಲ್ ರೂಪದಲ್ಲಿ ದಿಲ್ಲಿಯಿಂದಲೇ ಸಲ್ಲಿಸಬಹುದು. ನನ್ನ ತಂಗಿ ಮಾತ್ರ ಆ ನೆಪದಲ್ಲಾದರೂ ವರ್ಷಕ್ಕೊಮ್ಮೆ ಬೆಳಗಾವಿಗೆ ಬರುತ್ತೇನೆಂದು ಮಗನಿಂದ ಮಾತು ಪಡೆದಿದ್ದಾಳೆ. ಆ ರೈಲು ವೆಚ್ಚವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಟ್ಟಿದ್ದೇನೆ.