ರಾಜಧಾನಿಯ ಹೋಟೆಲು: ಬೋರ್ಡಿಗಲ್ಲ, ಬಿಲ್ಲಿಗೆ ಮಾರ್ಕು ಕೊಡಿ!

ಚಿಕ್ಕಪೇಟೆಯಿಂದ ಮಾಲು ತರಲು ಬೆಳಗಿನ ಮೊದಲ ಬಸ್ಸು ಹತ್ತುವ ನಮ್ಮ ವ್ಯಾಪಾರಿ ಭಾರಿ ಲೆಕ್ಕಾಚಾರದ ಮನುಷ್ಯ. ಮೀಟರಿಗೆ ಒಂದು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುತ್ತಾನೆ. ಅದೇ ಆಸಾಮಿ ಮಧ್ಯಾಹ್ನ ಹಸಿದು ಹೋಟೆಲಿಗೆ ನುಗ್ಗಿದರೆ, ಸಪ್ಲೈಯರು ತಂದಿಟ್ಟ ಬಿಲ್ಲನ್ನು ಓದದೆ ದುಡ್ಡು ಇಟ್ಟು ಎದ್ದು ಬರುತ್ತಾನೆ. ಅಲ್ಲಿ ಉಳಿಸಿದ್ದು ಇಲ್ಲಿ ಸೋರಿಹೋಯ್ತು! ಇದ್ಯಾವ ವ್ಯಾಪಾರ ಸ್ವಾಮಿ?

ಮೊಬೈಲಿನಲ್ಲಿ ನಕ್ಷತ್ರ ನೋಡಿ ಹೋಗ್ತೀವಿ ಅನ್ನುವವರಿದ್ದಾರೆ. ಆ ನಕ್ಷತ್ರಗಳನ್ನು ತಿಂದವರೇ ಕೊಟ್ಟರೋ, ದುಡ್ಡು ತಿಂದವರು ಕೊಟ್ಟರೋ ಬಲ್ಲವರಾರು? ಸುಳ್ಳು ಹೊಗಳಿಕೆಯ ಕಾಟ ತಡೆಯಲು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಐ.ಎಸ್. 19000 ಎಂಬ ಮಾನದಂಡವನ್ನೇ ಹೊರಡಿಸಬೇಕಾಯಿತು. ಆಗ ಅದನ್ನು ಕಡ್ಡಾಯ ಮಾಡಲಿಲ್ಲ, ಇಷ್ಟವಿದ್ದವರು ಪಾಲಿಸಲಿ ಎಂದಿತು. ಆದ್ದರಿಂದ ಪರೀಕ್ಷೆ ನಿಮ್ಮ ನಾಲಿಗೆ ಮತ್ತು ನಿಮ್ಮ ಕಣ್ಣಿನದೇ.

ಪಟ್ಟಿ ಚಿಕ್ಕದಿದ್ದರೆ ಒಳ್ಳೇದು

ಗೋಡೆ ತುಂಬ ಇನ್ನೂರು ಐಟಂ ಬರೆದ ಕಡೆ ಇನ್ನೂರೂ ಬಿಸಿಯಾಗಿ ಸಿಕ್ಕೀತೆ? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. 1965ರಿಂದ ನಡೆದು ಬಂದದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಅದರ ಹೆಸರು ಉಳಿಸಿದ ಪಟ್ಟಿ. ಇಡ್ಲಿಗೆ ಸಾಂಬಾರ್ ಕೇಳಿದರೆ ಇಲ್ಲ, ಚಟ್ನಿಯೇ ಗತಿ. ಆದರೂ ರಸ್ತೆಯಲ್ಲಿ ಜನ ತಟ್ಟೆ ಹಿಡಿದು ನಿಂತಿರುತ್ತಾರೆ. 1943ರಲ್ಲಿ ಆರಂಭವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೂ ಚಟ್ನಿಯೇ ಜೋಡಿ. ಅಲ್ಲಿ ಸಪ್ಲೈಯರು ತೋಳಿನ ಮೇಲೆ ದೋಸೆ ತಟ್ಟೆಗಳ ಗೋಪುರ ಹೊತ್ತು ಬರುವುದೇ ಒಂದು ನೋಟ. ಕಾಯುವ ತಾಳ್ಮೆ ಮಾತ್ರ ಬೇಕು. ಊರಿನ ಬಸ್ಸಿಗೆ ಹೊತ್ತಾದವರು ಆ ಕಡೆ ಹೋಗದಿರುವುದೇ ವಾಸಿ.

ನಿಂತರೊಂದು ರೇಟು, ಕೂತರೊಂದು

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಾಗಿಲು ತೆರೆದ ಮೇಲೆ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕುರ್ಚಿ ಇಲ್ಲ, ಸಪ್ಲೈಯರು ಇಲ್ಲ, ಟೋಕನ್ ಕೊಟ್ಟು ತಟ್ಟೆ ಎತ್ತಿಕೊಳ್ಳಿ. ಜಾಗ ಉಳಿಯಿತು, ಸಂಬಳ ಉಳಿಯಿತು, ಹತ್ತು ನಿಮಿಷಕ್ಕೊಬ್ಬ ಹೊಸ ಗಿರಾಕಿ ಬಂದ. ಆ ಉಳಿತಾಯದಿಂದಲೇ ಅಗ್ಗದ ಇಡ್ಲಿ ಹುಟ್ಟಿದ್ದು. ಈಗ ಒಂದೇ ಕಟ್ಟಡದಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎ.ಸಿ. ಹಾಲ್ ಇರುವ ಹೋಟೆಲುಗಳುಂಟು. ವಡೆ ಅದೇ ಬಾಣಲೆಯದು, ರೇಟು ಮಾತ್ರ ಬೇರೆ. ಮೆಟ್ಟಿಲು ಹತ್ತುವ ಮುಂಚೆ ಕೇಳಿಕೊಳ್ಳಿ.

ಹಾಗಂತ ಅಗ್ಗವೊಂದೇ ಅಳತೆಯಲ್ಲ. 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರ ಇಳಿಸಿ ಎಂದಾಗ ಪೇಚಿಗೆ ಸಿಕ್ಕಿತು. ಆ ದರಕ್ಕೆ ಆ ರುಚಿ ಗಿಟ್ಟುವುದಿಲ್ಲ. ತುಪ್ಪ ಕಡಿಮೆ ಮಾಡಿ ಗಲ್ಲಾ ತುಂಬಿಸುವ ಬದಲು ಹೋಟೆಲಿನ ಬಾಗಿಲನ್ನೇ ಹಾಕಿತು! ತಿಂಡಿಯ ಪುಡಿ, ಮಿಕ್ಸ್ ಮಾರಿ ಬದುಕಿತು. ಆಮೇಲೆ ಹೋಟೆಲೂ ತೆರೆಯಿತು. ತೀರಾ ಅಗ್ಗ ಎಂದು ಕೂಗುವ ಕಡೆ ಎಣ್ಣೆಯ ಬಣ್ಣ ಒಮ್ಮೆ ನೋಡಿ. ಕರ್ರಗಿದ್ದರೆ ಕಾಫಿ ಕುಡಿದು ಹೊರಡಿ.

ಗುಂಡಿನ ಲೆಕ್ಕ

ಸಂಜೆ ಗಂಟಲು ಒಣಗಿದವರಿಗೂ ಎರಡು ಮಾತು. ಸಿ.ಎಲ್. 2 ಲೈಸೆನ್ಸಿನ ವೈನ್ ಸ್ಟೋರಿನಲ್ಲಿ ಎಂ.ಆರ್.ಪಿ. ದರಕ್ಕೇ ಕೊಡಬೇಕು, ಅಲ್ಲೇ ಕುಡಿಯುವಂತಿಲ್ಲ. ಸಿ.ಎಲ್. 9 ಅಂದರೆ ಬಾರ್ ಅಂಡ್ ರೆಸ್ಟೋರೆಂಟು. ಅಲ್ಲಿ ಕೂರಬಹುದು, ಕೂತದ್ದಕ್ಕೂ ಸೇರಿಸಿ ದರ ಹಾಕುತ್ತಾರೆ. ಸ್ಟೋರಿನ ಬೆಲೆಯನ್ನೇ ಬಾರಿನಲ್ಲಿ ಕೇಳಿ ಜಗಳ ಆಡಿ ಫಲವಿಲ್ಲ. ಆದರೆ ಅಳತೆ ಕೇಳುವ ಹಕ್ಕು ಗಿರಾಕಿಯದು. ಕ್ವಾರ್ಟರು ಅಂದರೆ 180 ಎಂ.ಎಲ್., ಅಂದರೆ 60ರ ಮೂರು ಪೆಗ್ಗು. ಲೂಸ್ ಪೆಗ್ಗಿನ ದರವನ್ನು ಮೂರರಿಂದ ಗುಣಿಸಿ ಕ್ವಾರ್ಟರಿನ ದರಕ್ಕೆ ಹೋಲಿಸಿದರೆ ಸತ್ಯ ಮೇಜಿನ ಮೇಲೇ ತೇಲುತ್ತೆ! ಬಾಟಲಿಯ ಸೀಲು ನಿಮ್ಮೆದುರಿಗೇ ಒಡೆಯಲಿ.

ಸ್ವಂತ ಗಾಡಿಯಲ್ಲಿ ಬಂದವರು ಮಾತ್ರ ಗ್ಲಾಸಿನ ಗೊಡವೆಗೇ ಹೋಗಬೇಡಿ. 2019ರ ತಿದ್ದುಪಡಿಯಾದ ಮೇಲೆ ಕುಡಿದು ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆದೀತು. ಮನೆಯಲ್ಲಿ ಕಾಯುವವರ ಪಾಡು ಈ ಲೆಕ್ಕಕ್ಕೆ ಸೇರಿಲ್ಲ.

ಬಿಲ್ಲು ಓದಿ

ಸಾಮಾನ್ಯ ಹೋಟೆಲಿನ ಊಟ ತಿಂಡಿಗೆ ಜಿ.ಎಸ್.ಟಿ. ಶೇಕಡ 5. ಕಾಂಪೋಸಿಷನ್ ಪದ್ಧತಿಗೆ ಸೇರಿದ ಸಣ್ಣ ಹೋಟೆಲಿನವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕೆ? ಮದ್ಯಕ್ಕೆ ಜಿ.ಎಸ್.ಟಿ. ಅನ್ವಯಿಸುವುದಿಲ್ಲ. ಬಾರಿನವರು ಎರಡನ್ನೂ ಒಟ್ಟಿಗೆ ಕೂಡಿಸಿ ಶೇಕಡ 5 ಎಳೆದಿದ್ದರೆ ಬೇರೆ ಮಾಡಿಸಿ.

ಇನ್ನು ಸರ್ವಿಸ್ ಚಾರ್ಜು. ಗಿರಾಕಿಯನ್ನು ಕೇಳದೆ ಇದನ್ನು ಬಿಲ್ಲಿಗೆ ಸೇರಿಸಕೂಡದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಮೆಲ್ಲಗೆ ಹೇಳಿ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದ್ದೇ ಇದೆ. ಸಪ್ಲೈಯರು ಪ್ರೀತಿಯಿಂದ ಬಡಿಸಿದ್ದರೆ ಟಿಪ್ಸು ಅವನ ಕೈಗೇ ಕೊಡಿ. ಬಿಲ್ಲಿಗೆ ಸೇರಿದ್ದು ಅವನ ಜೇಬಿಗೆ ಸೇರುತ್ತದೆಂಬ ಖಾತರಿ ಏನು?

ಕಡೆಗೊಂದು ಪರೀಕ್ಷೆ ಉಂಟು. ಜೊತೆಗಾರನಿದ್ದರೆ ಒಂದು ಬೈಟು ಕಾಫಿ ಹೇಳಿ ನೋಡಿ. ಮುಖ ಸಿಂಡರಿಸದೆ ಎರಡು ಲೋಟ ತಂದಿಟ್ಟರೆ ಆ ಹೋಟೆಲಿನ ಹೆಸರು ಊರಲ್ಲಿ ನಾಲ್ಕು ಜನಕ್ಕೆ ಹೇಳಿ.